ಕಾಲು ಡಾಕ್ಟರು

ಕಾಲು ಡಾಕ್ಟರು ಕಳೆದ ಮಂಗಳವಾರ ಸಂಜೆ ತೀರಿಕೊಂಡರು. ಮನೆಯಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಹೃದಯ ನಿಂತಿತು. ಊರಿಗೆಲ್ಲ ಅವರು, ಒಂದೇ ಬೆಂಚಿನಲ್ಲಿ ಕೂತು ಓದಿದ ನನಗೆ ಅವನು. ಇಲ್ಲಿಂದ ಮುಂದೆ ಹಾಗೆಯೇ ಬರೆಯುತ್ತೇನೆ.

ಅವನು ಮನುಷ್ಯರನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದ. ಎದುರಿಗೆ ಯಾರೇ ಬರಲಿ, ಅವನ ಕಣ್ಣು ಮೊದಲು ಹಿಮ್ಮಡಿಗೆ ಒಂದು ಸುತ್ತು ಹಾಕಿ, ಮೀನಖಂಡವನ್ನು ನಿಧಾನವಾಗಿ ಹತ್ತಿ, ಮೊಣಕಾಲಿನ ಹತ್ತಿರ ಸ್ವಲ್ಪ ದಣಿವಾರಿಸಿಕೊಂಡು ಆಮೇಲೆ ಮುಖಕ್ಕೆ ಬರುತ್ತಿತ್ತು. ಅಷ್ಟರಲ್ಲಿ ನಮಸ್ಕಾರ ಮಾಡಿದವರು ಕೈ ಇಳಿಸಿಯಾಗಿರುತ್ತಿತ್ತು. ಹೆಸರು ಮರೆಯುತ್ತಿದ್ದ, ಮುಖ ಮರೆಯುತ್ತಿದ್ದ, ಕಾಲು ಮಾತ್ರ ಮರೆಯುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಒಮ್ಮೆ, ಪತ್ರಿಕೆಯ ಹಿಂದೆ ಪೂರ್ತಿ ಮುಚ್ಚಿಹೋಗಿದ್ದ ಒಬ್ಬರ ಎದುರು ನಿಂತು, "ಏನ್ ಮೇಷ್ಟ್ರೇ, ಕಾಲುಚೀಲ ಹಾಕೋದು ಬಿಟ್ಟುಬಿಟ್ರಾ?" ಎಂದ. ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಮೇಷ್ಟ್ರೇ ಹೌದು, ಬಿಟ್ಟದ್ದೂ ಹೌದು.

ಅವನ ಕೋಣೆಯಲ್ಲಿ ಕಿಟಕಿಯ ಪಕ್ಕ ಮರದ ಒಂದು ಗಟ್ಟಿ ಪೆಟ್ಟಿಗೆ ಇತ್ತು. ಬಂದವರು ಅದರ ಮೇಲೆ ನಿಲ್ಲಬೇಕು, ಡಾಕ್ಟರು ಗೇಣೆತ್ತರದ ಮಣೆ ಹಾಕಿಕೊಂಡು ಅವರ ಪಾದದ ಹತ್ತಿರ ಕೂರಬೇಕು. ಉಬ್ಬಿದ ರಕ್ತನಾಳ ಮಲಗಿದವರ ಕಾಲಲ್ಲಿ ಕಳ್ಳನ ಹಾಗೆ ಅಡಗಿಕೊಳ್ಳುತ್ತದೆ, ನಿಂತರೆ ಮಾತ್ರ ಹೊರಗೆ ಬರುತ್ತದೆ ಎನ್ನುತ್ತಿದ್ದ. ದಿನವೆಲ್ಲ ನೆಲಕ್ಕೆ ತಾಗುತ್ತಿದ್ದ ಬಿಳಿ ಕೋಟಿನ ಅಂಚು ಮಣ್ಣಿನ ಬಣ್ಣಕ್ಕೆ ತಿರುಗಿಹೋಗಿತ್ತು. "ನಮ್ ಡಾಕ್ಟ್ರ ಕೋಟನ್ನ ಒಗೆಯೋ ಮುಂಚೆ ಗುಡಿಸ್ಬೇಕು" ಎಂದು ನರ್ಸಮ್ಮ ಅವನೆದುರೇ ಹೇಳುತ್ತಿದ್ದಳು. ಇನ್ನು ಅವನ ನಿಲುವೋ, ಅದೊಂದು ತಮಾಷೆ. ನಿಂತಲ್ಲಿ ಸುಮ್ಮನೆ ನಿಲ್ಲುವವನಲ್ಲ. ಹಿಮ್ಮಡಿ ಎತ್ತುವುದು, ಇಳಿಸುವುದು. ಮೀನಖಂಡ ಕಾಲಿನ ಪಂಪು, ಅದನ್ನು ಒತ್ತುತ್ತಿದ್ದರೆ ರಕ್ತ ಮೇಲೇರುತ್ತದೆ ಎಂಬ ವಾದ. ಸಾವಿನ ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗಲೂ ಇವನೊಬ್ಬ ಒಂದು ಗಳಿಗೆ ಎತ್ತರ, ಒಂದು ಗಳಿಗೆ ಗಿಡ್ಡ. ನಾನು ತೋಳು ಹಿಡಿದು ಎಳೆದು ನಿಲ್ಲಿಸಿದ್ದೇನೆ.

ಕಾಯಿಲೆಯನ್ನು ವಿವರಿಸುವುದರಲ್ಲಿ ಅವನಿಗೆ ಎಂದೂ ಬೇಸರವಿರಲಿಲ್ಲ. ಕೆಳಗಿಳಿದ ರಕ್ತ ಮತ್ತೆ ಎದೆಗೆ ಹತ್ತಬೇಕಲ್ಲ, ಹತ್ತಿದ್ದು ಜಾರದಂತೆ ದಾರಿಯುದ್ದಕ್ಕೂ ಪುಟ್ಟ ಪುಟ್ಟ ಬಾಗಿಲುಗಳಿವೆ. ವರ್ಷಗಟ್ಟಲೆ ನಿಂತೇ ದುಡಿದವರಲ್ಲಿ, ಕೆಲವರಲ್ಲಿ ಹೆತ್ತವರಿಂದ ಬಂದ ಗುಣವಾಗಿಯೂ, ಆ ಬಾಗಿಲು ಸಡಿಲವಾಗುತ್ತದೆ. ರಕ್ತ ಹಿಂದಕ್ಕೆ ಬಿದ್ದು ನಾಳ ಹಿಗ್ಗುತ್ತದೆ, ಸೊಟ್ಟಗಾಗುತ್ತದೆ, ಕೊನೆಗೆ ಚರ್ಮ ಕಪ್ಪಾಗಿ ಹುಣ್ಣಾಗುತ್ತದೆ. ಇದನ್ನು ಅವನು ಕ್ಷೌರದ ಕುರ್ಚಿಯಲ್ಲಿ, ಮುಖಕ್ಕೆಲ್ಲ ಸೋಪಿನ ನೊರೆ ಹಚ್ಚಿಸಿಕೊಂಡು ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಪ್ಯಾಂಟ್ ಸ್ವಲ್ಪ ಮೇಲೆತ್ತಯ್ಯ, ನೋಡೋಣ."

"ಡಾಕ್ಟ್ರೇ, ಕತ್ತಿ ಈಗ ನನ್ ಕೈಲಿದೆ. ಅಲ್ಲಾಡ್ಬೇಡಿ," ಎಂದ ಕ್ಷೌರಿಕ.

"ನನ್ ಕೈಗೆ ಬರ್ಲಿ, ತಾಳು."

"ಕುಯ್ಯೋದಾದ್ರೆ ನಾನು ಬರಲ್ಲಪ್ಪ."

"ಕುಯ್ಯೋ ಕಾಲ ಹೋಯ್ತು ಕಣೋ."

ಆ ಮಾತನ್ನು ಅವನು ಹಗುರವಾಗಿ ಹೇಳಿದ್ದ. ಆದರೆ ಹಾಗೆ ಹೇಳುವ ಮಟ್ಟಕ್ಕೆ ಬರಲು ಅವನಿಗೆ ಸುಲಭವಾಗಿರಲಿಲ್ಲ. ಅವನು ಕಲಿತದ್ದು ಹಳೆಯ ಶಸ್ತ್ರಚಿಕಿತ್ಸೆ. ತೊಡೆಸಂದಿಯಲ್ಲಿ ಒಂದು ಗಾಯ, ಮೊಣಕಾಲಿನ ಕೆಳಗೆ ಇನ್ನೊಂದು, ನಡುವೆ ತಂತಿ ತೂರಿಸಿ ಕೆಟ್ಟ ನಾಳವನ್ನು ಇಡಿಯಾಗಿ ಎಳೆದು ತೆಗೆಯುವುದು. ಅದರಲ್ಲಿ ಅವನ ಕೈ ಚುರುಕು, ಹೆಸರೂ ಇತ್ತು. ಲೇಸರ್ ಬಂದಾಗ, "ಸೂಜಿ ತೂತಲ್ಲಿ ದಾರ ಬಿಟ್ಟು ಸುಡ್ತಾರಂತೆ, ಅಡುಗೆನಾ ಅದು?" ಎಂದು ನಕ್ಕಿದ್ದ. ಆಮೇಲೊಂದು ದಿನ ತನ್ನ ಕೈಕೆಳಗೆ ಕಲಿತ ಹುಡುಗಿಯ ಆಸ್ಪತ್ರೆಗೆ ಬೇರೇನೋ ಕೆಲಸಕ್ಕೆ ಹೋದವನು, ಬೆಳಿಗ್ಗೆ ಮೇಜಿನ ಮೇಲೆ ಮಲಗಿದ್ದ ಹೆಂಗಸು ಮಧ್ಯಾಹ್ನಕ್ಕೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದುಹೋದದ್ದನ್ನು ಬಾಗಿಲಲ್ಲಿ ನಿಂತು ನೋಡಿದ. ಮರುವಾರದಿಂದ ತಲೆ ನರೆತ ಆ ಗುರು, ಶಿಷ್ಯೆಯ ಕತ್ತಲೆ ಕೋಣೆಯಲ್ಲಿ ಕೂತು ಸ್ಕ್ಯಾನ್ ಯಂತ್ರ ಹಿಡಿಯುವುದನ್ನು ಕಲಿಯತೊಡಗಿದ.

"ಸಾರ್, ಒತ್ಬೇಡಿ. ಒತ್ತಿದ್ರೆ ನಾಳ ಚಪ್ಪಟೆಯಾಗಿ ಪರದೆ ಮೇಲೆ ಕಾಣೋದೇ ಇಲ್ಲ."

"ಜೀವಮಾನವೆಲ್ಲ ಒತ್ತಿ ನೋಡೋದನ್ನೇ ಕಲಿತಿದೀನಲ್ಲಮ್ಮ."

"ಮಗು ಕೆನ್ನೆ ಮುಟ್ಟಿದಂಗೆ ಮುಟ್ಟಿ ಸಾರ್."

ಕಲಿತ. ಕ್ಷೌರಿಕನೂ ಕೊನೆಗೆ ಬಂದ. ಮೊಣಕಾಲಿನ ಹತ್ತಿರ ಒಂದು ಸೂಜಿ ತೂತು, ಕಾಲಿಗಷ್ಟೇ ಮರಗಟ್ಟಿಸುವ ಮದ್ದು, ಒಳಗಿನಿಂದ ಶಾಖ ಕೊಟ್ಟು ಕೆಟ್ಟ ನಾಳವನ್ನು ಮುಚ್ಚುವುದು; ರಕ್ತ ತಾನಾಗಿ ಒಳಗಿನ ಒಳ್ಳೆಯ ದಾರಿ ಹಿಡಿಯುತ್ತದೆ. ಬಿಗಿ ಕಾಲುಚೀಲ ಏರಿಸಿಕೊಂಡು ನಡೆದೇ ಹೋದ ಆಸಾಮಿ, ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಪ್ಯಾಂಟ್ ಎತ್ತಿ ತೋರಿಸುತ್ತಿದ್ದ.

ಹೀಗೆ ಊರಿನ ಕಾಲುಗಳೆಲ್ಲ ಅವನ ಕೈಗೆ ಬಂದವು, ಒಂದನ್ನು ಬಿಟ್ಟು. ಅದು ಅವನ ಅಕ್ಕನ ಎಡಗಾಲು.

ಅಕ್ಕ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತು ಅವನನ್ನು ಓದಿಸಿದವಳು. ಅವನು ಡಾಕ್ಟರಾದ ಹೊಸದರಲ್ಲಿ ಅವಳ ಬಲಗಾಲಿಗೆ ಅದೇ ಹಳೆಯ ಶಸ್ತ್ರಚಿಕಿತ್ಸೆ ಮಾಡಿದ್ದ. ನಾಳವನ್ನು ಮೊಣಕಾಲಿನವರೆಗೆ ಎಳೆದು ಬಿಟ್ಟಿದ್ದರೆ ಸಾಕಿತ್ತು. ಅಕ್ಕನ ಕಾಲಲ್ಲವೇ, ಬೇರು ಕೂಡ ಉಳಿಯಬಾರದೆಂದು ಪಾದದ ಗಂಟಿನವರೆಗೂ ಎಳೆದ. ಅಲ್ಲಿ ನಾಳಕ್ಕೆ ಅಂಟಿಕೊಂಡೇ ಸ್ಪರ್ಶದ ನರ ಹೋಗುತ್ತದೆ. ಅದಕ್ಕೆ ಪೆಟ್ಟಾಯಿತು. "ಹೇಗಿದೆ ಅಕ್ಕ?" ಎಂದು ಕೇಳಿದಾಗಲೆಲ್ಲ ಅವಳು, "ಬಂಗಾರದಂಗಿದೆ ಕಣೋ ಮರಿ" ಎನ್ನುತ್ತಿದ್ದಳು. ವರ್ಷಗಳ ಮೇಲೆ ಅವಳ ಅಡುಗೆಮನೆಯಲ್ಲಿ ಕುದಿಯುವ ನೀರು ಅವಳ ಬಲಪಾದದ ಒಳಬದಿಗೆ ಚೆಲ್ಲಿತು. ಅವಳು ಕಾಲು ಎಳೆದುಕೊಳ್ಳಲಿಲ್ಲ, ಮಾತು ಮುಂದುವರಿಸಿದಳು. ಅವನು ಎದುರಿಗೇ ಕೂತಿದ್ದ.

ಈಚೆಗೆ ಅವಳ ಎಡಗಾಲಿನ ಗಂಟಿನ ಮೇಲೆ ಹುಣ್ಣಾಗಿ, ಒಣಗುವುದು ಬಿರಿಯುವುದು ನಡೆದೇ ಇತ್ತು. ಹೀಗೇ ಬಿಟ್ಟರೆ ಅವಳು ಹೊಸ್ತಿಲು ದಾಟುವುದೇ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ಸಂಜೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವಳ ಮುಂದೆ ಎಲ್ಲವನ್ನೂ ಬಿಡಿಸಿಟ್ಟ. ಲೇಸರ್ ಇದೆ, ರೇಡಿಯೋ ತರಂಗದ ಶಾಖ ಇದೆ, ನಾಳಕ್ಕೆ ಮದ್ದಿನ ನೊರೆ ತುಂಬುವುದಿದೆ, ಶಾಖವೇ ಬೇಡವೆಂದರೆ ಅಂಟು ಹಾಕಿ ಮುಚ್ಚುವುದೂ ಇದೆ.

"ಜವಳಿ ಅಂಗಡಿಯವನ ಥರ ಒಂದೊಂದಾಗಿ ಬಿಚ್ತಿದೀಯಲ್ಲೋ," ಎಂದಳು ಅಕ್ಕ. "ಅಂಟು ಅಂದ್ರೆ? ಚಪ್ಲಿಗೆ ಹಚ್ತಾರಲ್ಲ, ಅದಾ?"

"ಅದರ ದಾಯಾದಿ ಅನ್ನು."

"ಅಂಗಡಿ ಮುಚ್ಚು ಮರಿ. ಒಂದು ಕಾಲು ನಿನ್ ಓದಿಗೆ ಕೊಟ್ಟಾಯ್ತು. ಇದು ನಂದು."

ಅವನ ಮುಖ ಸಣ್ಣದಾಯಿತು. ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಅಕ್ಕನೇ ತಗ್ಗಿದ ದನಿಯಲ್ಲಿ ಹೇಳಿದಳು: "ಬೇರೆ ಯಾರಾದ್ರೂ ಮಾಡೋದಾದ್ರೆ ನೋಡೋಣ."

"ನನ್ ಕೈ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಮಾತಲ್ಲ ಕಣೋ. ನೋವಾದ್ರೆ ಡಾಕ್ಟರನ್ನ ಬೈಬೇಕು ನಾನು. ನಿನ್ನ ಬೈಯಕ್ಕೆ ನಂಗೆ ಬಾಯೇ ಬರಲ್ಲ. ಆವಾಗ್ಲೂ ಬರ್ಲಿಲ್ಲ."

ಹಿಂದಿರುಗಿದ ಮೇಲೆ ಅವನು ತನ್ನ ಮನೆಯ ಗೇಟಿನ ಬಳಿ, "ಇಷ್ಟು ವರ್ಷ ಅವಳಿಗೊಬ್ಬ ಡಾಕ್ಟರೇ ಇರ್ಲಿಲ್ಲ ಕಣೋ," ಎಂದಷ್ಟೇ ಹೇಳಿ ಒಳಗೆ ಹೋದ.

ಮರುದಿನ ಅಕ್ಕನನ್ನು ಶಿಷ್ಯೆಯ ಆಸ್ಪತ್ರೆಗೆ ಕರೆದೊಯ್ದವನು ಕೋಟು ಹಾಕಿರಲಿಲ್ಲ. ಪರೀಕ್ಷೆ ಮುಗಿಸಿದ ಆಕೆ, "ಅಮ್ಮ, ನಿಮಗೆ ಮರಗಟ್ಟೋ ಭಯ ಇದೆ. ಶಾಖ ಬೇಡ, ಅಂಟೇ ಹಾಕ್ತೀನಿ," ಎಂದಳು. ಅವನಾಗಿದ್ದರೆ ಲೇಸರ್ ಎನ್ನುತ್ತಿದ್ದ. ಬಾಯಿ ತೆರೆದ, ಮುಚ್ಚಿದ. ಒಳಗೆ ಕರೆದರೂ ಹೋಗದೆ, ಮಿಕ್ಕ ರೋಗಿಗಳ ಮನೆಯವರ ನಡುವೆ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿದ್ದ ಮುದುಕರೊಬ್ಬರು, "ಭಯ ಪಡ್ಬೇಡಿ, ಈಗೆಲ್ಲ ಸುಲಭವಂತೆ," ಎಂದು ಅವನಿಗೆ ಧೈರ್ಯ ಹೇಳಿದರು. "ಹೌದಾ?" ಎಂದು ಅವನು ಮನಸಾರೆ ಕೇಳಿಸಿಕೊಂಡ. ಅಕ್ಕ ತನ್ನ ಕಾಲ ಮೇಲೇ ನಡೆದು ಹೊರಗೆ ಬಂದಳು. ಮುಂದಿನ ದಿನಗಳಲ್ಲಿ ಹುಣ್ಣಿನ ಅಂಚು ಒಣಗತೊಡಗಿತು.

ದೊಡ್ಡ ವಿದ್ಯಾವಂತರನ್ನು ನಾನು ನೋಡಿದ್ದೇನೆ. ಅವರ ವಿದ್ಯೆ ವಯಸ್ಸಿನ ಜೊತೆ ಗಟ್ಟಿಯಾಗುತ್ತ ಹೋಗಿ, ಕೊನೆಗೆ ಅದನ್ನು ಕಾಯುವುದೇ ಒಂದು ಉದ್ಯೋಗವಾಗುತ್ತದೆ. ಇವನ ಬಗೆಯವರು ಅಪರೂಪ. ಅವರಿಗೆ ತಾವು ಕಲಿತದ್ದಕ್ಕಿಂತ ಎದುರಿಗೆ ನಿಂತ ಮನುಷ್ಯ ಹೆಚ್ಚು ನಿಜ. ಆ ಮನುಷ್ಯನಿಗೆ ಬೇಕೆಂದರೆ ಕೈಗೆ ಬಂದ ಹೆಸರನ್ನು ಬಿಡುತ್ತಾರೆ, ಅದಕ್ಕೂ ಕಷ್ಟದ್ದು, ಮಾಡಲು ಬರುವ ಕೆಲಸವನ್ನು ಮಾಡದೆ ಸುಮ್ಮನೆ ಕೂರುತ್ತಾರೆ. ಇಂಥವರು ಹೋದಾಗ ಏನು ಹೋಯಿತೆಂದು ಲೋಕಕ್ಕೆ ತಕ್ಷಣ ತಿಳಿಯುವುದಿಲ್ಲ.

ಆ ಕೊನೆಯ ಮಂಗಳವಾರ ಸಂಜೆ ನಾನು ಅವನ ಮನೆಯಲ್ಲಿ, ಅವನ ಕುರ್ಚಿಯೆದುರು ಕೂತಿದ್ದೆ. ಅಕ್ಕನ ಫೋನು ಬಂತು. ಅವಳ ದನಿ ನನ್ನವರೆಗೂ ಕೇಳುತ್ತಿತ್ತು: "ತೊಡೆ ಒಳಗೆ ಹಗ್ಗ ಬಿಗಿದಂಗಾಗಿದೆ, ಕೆಂಪಗೆ ಉರೀತಿದೆ! ಏನ್ ಡಾಕ್ಟ್ರೋ ಅವಳು, ಅಂಟು ಹಾಕು ಅಂದ್ರೆ ಬೆಂಕಿ ಹಾಕಿದಾಳೆ!" ಅವನು ಕಣ್ಣು ಮುಚ್ಚಿ ಆ ಬೈಗುಳವನ್ನೆಲ್ಲ ಕೊನೆಯವರೆಗೂ ಕೇಳಿದ. ಅಂಟಿನ ಚಿಕಿತ್ಸೆಯ ನಂತರ ಹಲವರಿಗೆ ಹೀಗಾಗುವುದು, ತಾನಾಗಿ ಇಳಿಯುವುದು ಅವನಿಗೆ ತಿಳಿಯದ್ದೇನಲ್ಲ. ಆದರೂ, "ತಾಳಕ್ಕ, ಡಾಕ್ಟರನ್ನ ಕೇಳಿ ಹೇಳ್ತೀನಿ," ಎಂದು ಶಿಷ್ಯೆಗೆ ಫೋನು ಮಾಡಿದ. ಎಲ್ಲಿ ಕೆಂಪು, ಎಷ್ಟುದ್ದ, ಜ್ವರವಿದೆಯೇ ಎಂದು ಅವಳು ಕೇಳಿದ್ದಕ್ಕೆಲ್ಲ ವಿಧೇಯನಾಗಿ ಉತ್ತರ ಕೊಟ್ಟು, ಅವಳು ಹೇಳಿದ ಮಾತ್ರೆಯ ಹೆಸರನ್ನು, ತನಗೆ ಬಾಯಿಪಾಠವಿದ್ದ ಹೆಸರನ್ನು, ಇನ್ನೊಮ್ಮೆ ಹೇಳಿಸಿಕೊಂಡ. "ಆಗ್ಲಿ ಡಾಕ್ಟ್ರೇ, ನಾಳೆ ಕರ್ಕೊಂಡು ಬರ್ತೀನಿ," ಎಂದ. ಆಮೇಲೆ ಅಕ್ಕನಿಗೆ ಫೋನು ಹಚ್ಚಿ, ತನ್ನದೊಂದು ಮಾತೂ ಸೇರಿಸದೆ, ಡಾಕ್ಟರು ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸಿದ.