ರೈನ್ ದಂಡೆಯ ಜಾಕಿ

"ಹಾಕ್ಕೊಳೋ ಬೋಳಿಮಗನೆ! ಕರ್ರಗಿದೀಯ, ಕುಳ್ಳಗಿದೀಯ. ನಿನಗಲ್ದೆ ಇನ್ಯಾರಿಗೋ ಒಪ್ಪುತ್ತೆ ಇದು?"

ಹೋಟೆಲ್ ಮಾಲೀಕ ರಾಮಸ್ವಾಮಿ ಎಸೆದ ಪಟ್ಟೆ ಪಟ್ಟೆ ಅಂಗಿ ಮಲ್ಲಿಕಾರ್ಜುನನ ಮುಖಕ್ಕೆ ಬಡಿದು ಈರುಳ್ಳಿ ಬುಟ್ಟಿಗೆ ಬಿತ್ತು. ಕುದುರೆ ರೇಸಿನ ಜಾಕಿ ಅಂಗಿ. ಜೊತೆಗೊಂದು ಟೋಪಿ. ಕುದುರೆಯೊಂದನ್ನು ಬಿಟ್ಟು ಎಲ್ಲ ಇತ್ತು.

ಜರ್ಮನಿಯ ಮೈಂಟ್ಸ್ ಊರಿಗೂ ಕುದುರೆ ರೇಸಿಗೆ ಹೆಸರಾದ ಅಮೆರಿಕದ ಲೂಯಿವಿಲ್‌ಗೂ ಅಕ್ಕತಂಗಿ ಸಂಬಂಧವಂತೆ. ಇಲ್ಲಿ ರೈನ್ ಹೊಳೆ, ಅಲ್ಲಿ ಒಹಾಯೋ ಹೊಳೆ. ಅಕ್ಕನ ಮನೆಯ ಚರಿತ್ರೆ ಸಾರೋ ಹಬ್ಬ ತಂಗಿಯ ದಂಡೆಯ ಮೇಲೆ ನಡೆದಿತ್ತು. ರಾಮಸ್ವಾಮಿಗೂ ಒಂದು ಅಂಗಡಿ ಸಿಕ್ಕಿತ್ತು. ಲೂಯಿವಿಲ್‌ನವರು ಮೂರು ಬಗೆಯ ಮಾಂಸ ಹಾಕಿ ಕುದಿಸುವ 'ಬರ್ಗೂ' ಸಾರನ್ನು ಈ ಪುಣ್ಯಾತ್ಮ ಶುದ್ಧ ಸಸ್ಯಾಹಾರಿ ಮಾಡಿಸಿದ್ದ. ಅಂದರೆ ನಿನ್ನೆ ಮಿಕ್ಕ ಹುಳಿಗೆ ಜೋಳದ ಕಾಳು ಸುರಿಸಿದ್ದ. ಸುರಿದವನು ಅಡುಗೆಯವ ಮಲ್ಲಿಕಾರ್ಜುನ. ಸಿಂದಗಿ ಕಡೆ ಮಾಂಸದ ಸಾರಿಗೆ ಹೆಸರಾದ ಕೈ. ಇಲ್ಲಿ ಬಂದು ಹುಳಿಗೆ ಸುಳ್ಳು ಹೆಸರಿಡುವ ಕೆಲಸಕ್ಕೆ ಬಿದ್ದಿತ್ತು.

"ಸಾವ್ಕಾರ್ರ, ಎರಡೂವರಿಗೆ ಪರದೇಶಿ ಕಚೇರ್ಯಾಗ ನನ್ನ ಭೇಟಿ ಟೆರ್ಮೀನ್ ಐತ್ರಿ. ಪರವಾನಗಿ ಶುಕ್ರವಾರ ಮುಗೀತೈತಿ. ನಿಮ್ಮ ಸಹಿ ಕಾಗದ ಕೊಟ್ರ ಹೋಗಿ ಬರ್ತೀನ್ರಿ."

"ಕಾಗದ ನನ್ನ ಜೇಬಲ್ಲೇ ಇದೆ. ಸಂಜೆ ತನಕ ಸಾರು ಬಡಿಸು. ಟೆರ್ಮೀನ್ ಇನ್ನೊಂದು ತಗೊಂಡ್ರಾಯ್ತು."

"ಇದು ಸಿಗಾಕ ನಾಕ್ ತಿಂಗಳು ಹಿಡೀತ್ರಿ."

"ಹಾಗಾದ್ರೆ ಊರಿಗೆ ಹೋಗಿ ನಿಮ್ಮಪ್ಪನ ಜೊತೆ ಚಪ್ಪಲಿ ಹೊಲಿ!"

ಅಪ್ಪ ಒಂದು ದಿನವೂ ಚಪ್ಪಲಿ ಹೊಲಿದವನಲ್ಲ, ಬಸ್ ಕಂಡಕ್ಟರ್. ಆದರೆ ಜಾತಿ ಬೈಗುಳ ಯಾವ ತಿಕೀಟು ಕೇಳುತ್ತೆ? ಎಲ್ಲಿಗೆ ಬೇಕಾದರೂ ಹತ್ತಿ ಬರುತ್ತೆ. ಜರ್ಮನಿಗೂ ಬಂತು, ಅದೂ ಅವನಿಗಿಂತ ಮೊದಲೇ.

ಅವನ ಪರವಾನಗಿ ಕಾರ್ಡಿನ ಮೇಲೆ ಈ ಹೋಟೆಲಿನ ಹೆಸರೇ ಅಚ್ಚಾಗಿತ್ತು. ಬೇರೆ ಯಾವ ಒಲೆಯ ಮುಂದೂ ನಿಲ್ಲುವಂತಿಲ್ಲ. ಮಲ್ಲಿಕಾರ್ಜುನ ಈರುಳ್ಳಿ ವಾಸನೆಯ ಅಂಗಿ ತೊಟ್ಟು ಕನ್ನಡಿ ನೋಡಿಕೊಂಡ. ನಗು ಬಂತು. ಎಮ್ಮೆ ಕೂಡ ಹತ್ತಿದವನಲ್ಲ, ಜಾಕಿ ಆಗಿಬಿಟ್ಟಿದ್ದ.

ಅಂಗಡಿಯ ಎದುರಿಗೇ ಲೂಯಿವಿಲ್ ಚರಿತ್ರೆಯ ಬೋರ್ಡುಗಳು. ರಾಮಸ್ವಾಮಿಯ ಮಗಳು, ಗಲ್ಲಾದಲ್ಲಿ ಕೂತಿದ್ದ ಮೇಘಾ, ಇಲ್ಲೇ ಹುಟ್ಟಿ ಬೆಳೆದವಳು. ಮಲ್ಲಿಕಾರ್ಜುನ ಕೇಳಿದ್ದಕ್ಕೆ, ಅಂಕಲ್ ಅನ್ನೋದನ್ನ ಜರ್ಮನ್ ಥರ ಓಂಕಲ್ ಅನ್ನುತ್ತ ಓದಿ ಹೇಳಿದಳು. "ಓಂಕಲ್, ಫಸ್ಟ್ ಡರ್ಬಿ ರೇಸ್‌ನಲ್ಲಿ ಹದಿನೈದು ಜನ ಜಾಕಿ. ಹದಿಮೂರು ಜನ ಕಪ್ಪು ಜನಾನೇ. ಆಮೇಲೆ ಅವರನ್ನ ಟ್ರ್ಯಾಕಿಂದಾನೇ ಓಡಿಸಿಬಿಟ್ರು."

"ಅದರ ಬಾಜೂಕ ಏನೈತಿ? ಆ ಚೀಟಿ?"

"ಗುಲಾಮರು ಬೀದಿಗೆ ಬರೋಕೆ ಓನರ್ ಬರ್ಕೊಡೋ ಪರ್ಮಿಷನ್."

"ಅದು ಹೆಂಗ ಅಲ್ಲಿಗೆ ಹೋತು ತಂಗಿ? ನಿಮ್ಮಪ್ಪನ ಜೇಬಿನಾಗ ಇತ್ತಲ್ಲ!" ಮಲ್ಲಿಕಾರ್ಜುನ ತನ್ನ ಜೋಕಿಗೆ ತಾನೇ ಹೊಟ್ಟೆ ಹಿಡಿದು ನಕ್ಕ. ಮೇಘಾ ನಗಲಿಲ್ಲ.

ಅಷ್ಟರಲ್ಲಿ ರಾಮಸ್ವಾಮಿ ಮೈಕ್ ಹಿಡಿದಿದ್ದ. ೧೮೫೫ರಲ್ಲಿ ಲೂಯಿವಿಲ್‌ನಲ್ಲಿ ವಲಸೆ ಹೋದ ಜರ್ಮನರನ್ನು ಒಂದು ಸೋಮವಾರ ಜನ ಹೊಡೆದು, ಮನೆಗೆ ಬೆಂಕಿ ಇಟ್ಟರಂತೆ. "ವಲಸಿಗರ ನೋವು ನಮಗಲ್ದೆ ಯಾರಿಗೆ ಗೊತ್ತು?" ಅಂತ ಜರ್ಮನಿನಲ್ಲಿ ಹೇಳಿ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡ. ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ಕನ್ನಡದಲ್ಲಿ ಕೂಗಿದ: "ಲೋ, ಬಾರೋ! ಕುದುರೆ ಥರ ಎರಡು ಸುತ್ತು ಹಾಕು. ಜನ ನೋಡ್ಲಿ."

"ಓಂಕಲ್," ಮೇಘಾ ಮೆಲ್ಲಗೆ ಅಂದಳು, "ಗಂಟೆ ಎರಡೂ ಹತ್ತು."

ಮಲ್ಲಿಕಾರ್ಜುನ ಸಾರಿನ ಸೌಟು ಹಿಡಿದೇ ಹೊರಬಂದ. ಟಕಟಕ ಅಂತ ಬಾಯಲ್ಲೇ ಸದ್ದು ಮಾಡುತ್ತ ಒಂದು ಸುತ್ತು ಕುಣಿದ. ಜನ ಕೇಕೆ ಹಾಕಿದರು. ಎರಡನೇ ಸುತ್ತಿನ ಅರ್ಧದಲ್ಲಿ ಟ್ರ್ಯಾಮ್ ಕಂಡಿತು. ಕುದುರೆ ತಿರುಗಲಿಲ್ಲ. ಬೋರ್ಡುಗಳ ನಡುವೆ ನುಗ್ಗಿ ನೆಟ್ಟಗೆ ಸ್ಟಾಪಿನ ಕಡೆ ಓಡಿತು. ಇದೂ ಆಟದ ಭಾಗವೇ ಅಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. "ಲೋ ಸೂಳೆಮಗನೆ, ಕಾಗದ ಹರಿದುಹಾಕ್ತೀನಿ!" ಅನ್ನೋದು ಮೈಕಿನಲ್ಲೇ ಕೇಳಿಸಿತು.

ಪರದೇಶಿಗಳ ಆ ಕಚೇರಿಗೆ ಅವನು ಹಿಂದೆ ಎರಡು ಸಲ ಬಂದಿದ್ದ. ಎರಡು ಸಲವೂ ಕುರ್ಚಿಯಲ್ಲಿ ರಾಮಸ್ವಾಮಿ ಕೂತಿದ್ದ, ಇವನು ಹಿಂದೆ ನಿಂತಿದ್ದ. "ಇವನಿಗೆ ಭಾಷೆ ಬರಲ್ಲ" ಅಂತ ಎಲ್ಲದಕ್ಕೂ ಸಾವ್ಕಾರನೇ ಉತ್ತರ ಕೊಟ್ಟಿದ್ದ. ದಿನಕ್ಕೆಷ್ಟು ತಾಸು ಕೆಲಸ ಅಂದಾಗ ಎಂಟು ಅಂದಿದ್ದ. ಎಂಟು ಅಂದರೆ ಬೆಳಿಗ್ಗೆ ಒಲೆ ಹಚ್ಚುವ ಗಂಟೆ, ಆರಿಸುವುದು ರಾತ್ರಿ ಹತ್ತಕ್ಕೆ.

ಈ ಸಲ ಮಲ್ಲಿಕಾರ್ಜುನ ಕೂತ. ಸೌಟನ್ನು ತೊಡೆಯ ಮೇಲಿಟ್ಟುಕೊಂಡ. ಮೇಜಿನಾಚೆಯ ಹೆಂಗಸು ಜಾಕಿ ಟೋಪಿಯನ್ನೊಮ್ಮೆ, ಸೌಟನ್ನೊಮ್ಮೆ ನೋಡಿ, ಮಾಲೀಕರ ಕಾಗದ ಎಲ್ಲಿ ಅಂದಳು. ಇಲ್ಲ ಅಂತ ತಲೆಯಾಡಿಸಿದ. ಜೇಬಿನಲ್ಲಿ ಫೋನು ಗುಂಯ್ ಅನ್ನುತ್ತಲೇ ಇತ್ತು. ನಾಳೆ ಈ ಹೊತ್ತಿಗೆ ಹಾಸಿಗೆ ಎಲ್ಲಿ, ಒಲೆ ಎಲ್ಲಿ, ಒಂದೂ ಗೊತ್ತಿರಲಿಲ್ಲ.

ದಿನಕ್ಕೆಷ್ಟು ತಾಸು ಕೆಲಸ? ಹಿಂದೆ ಎರಡು ಸಲ ಕಿವಿಗೆ ಬಿದ್ದ ಪ್ರಶ್ನೆ, ಗುರುತು ಹತ್ತಿತು.

ಅವನ ಜರ್ಮನ್ ಅಂದರೆ ನಾಲ್ಕು ತರಕಾರಿ, ಎರಡು ಬೈಗುಳ, ಮತ್ತೆ ಮೆನುವಿನ ನಂಬರುಗಳು. ಗಿರಾಕಿಗಳು ತಿಂಡಿಯ ಹೆಸರು ಹೇಳುವುದಿಲ್ಲ, ನಂಬರು ಕೂಗುತ್ತಾರೆ. ಮಸಾಲೆ ದೋಸೆಯ ನಂಬರು ದಿನಕ್ಕೆ ನೂರು ಸಲ ಕಿವಿಗೆ ಬಿದ್ದದ್ದು.

"ಫಿಯರ್‌ಝೇನ್," ಅಂದ. ಹದಿನಾಲ್ಕು.

ಆಕೆ ಎತ್ತಿದ ಪೆನ್ನನ್ನು ಹಾಗೇ ಹಿಡಿದಳು. ಇನ್ನೊಮ್ಮೆ ಕೇಳಿದಳು.

ಮಲ್ಲಿಕಾರ್ಜುನ ಅಡುಗೆಮನೆಯಿಂದ ಊಟದ ಹಾಲ್‌ಗೆ ಕೂಗುವ ಗಂಟಲಲ್ಲಿ, ಹೊರಗೆ ಸಾಲಾಗಿ ಕೂತವರೆಲ್ಲ ತಲೆಯೆತ್ತುವ ಹಾಗೆ ಕೂಗಿದ:

"ಫಿಯರ್‌ಝೇನ್!"