ಬಸ್ಸು ನಿಲ್ಲಿಸಿದವಳು

ಹುಣಸೆಹುಂಡಿಯಲ್ಲಿ ಮಲ್ಲಾಜಮ್ಮನವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವರು ಪ್ರಧಾನಮ್ಮ. ಮಂಡಲ ಪಂಚಾಯ್ತಿ ಇದ್ದ ಕಾಲದಲ್ಲಿ ಐದು ವರ್ಷ ಪ್ರಧಾನರಾಗಿದ್ದರು. ಆ ಮಂಡಲ ಪಂಚಾಯ್ತಿ ಹೋಗಿ, ಗ್ರಾಮ ಪಂಚಾಯ್ತಿ ಬಂದು ಮೂವತ್ತು ವರ್ಷ ದಾಟಿದರೂ ಇವರ ಅಧಿಕಾರ ಮಾತ್ರ ಇಳಿದಿಲ್ಲ. ಬೀದಿ ನಲ್ಲಿಯಲ್ಲಿ ನೀರು ನಿಂತರೆ ಈಗಿನ ಅಧ್ಯಕ್ಷರಿಗೆ ಫೋನು ಹೋಗುವ ಮೊದಲೇ ಪ್ರಧಾನಮ್ಮನ ಜಗಲಿಗೆ ದೂರು ಬಂದು ಕೂತಿರುತ್ತದೆ. ಎಪ್ಪತ್ನಾಲ್ಕು ವರ್ಷದ ಆ ಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಟರೆ ವಾಟರ್‌ಮನ್ ಎಲ್ಲಿದ್ದರೂ ಓಡಿ ಬರುತ್ತಾನೆ.

ಇಂಥವರ ಕಥೆ ಪುಸ್ತಕಕ್ಕೆ ಬರುವುದು ತಡವಾಯಿತೇ ಹೊರತು ತಪ್ಪಲಿಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಬಿಂದುಶ್ರೀ ಎಂಬ ಹೆಡತಲೆ ಊರಿನ ಹುಡುಗಿ, ಸುತ್ತಲ ಊರುಗಳಲ್ಲಿ ಹೆಸರು ಮಾಡಿದ ಹೆಂಗಸರ ಬಗ್ಗೆ ಒಂದು ಪುಸ್ತಕ ಮಾಡಲು ಹೊರಟಿದ್ದಳು. ಮಕ್ಕಳು ರಾಣಿಯರ ಹೆಸರನ್ನೆಲ್ಲ ಉರು ಹೊಡೆಯುತ್ತವೆ, ಪಕ್ಕದ ಬೀದಿಯಲ್ಲಿ ಇರುವವರು ಗೊತ್ತಿಲ್ಲ ಎಂಬುದು ಅವಳ ಸಂಕಟ. ಮೂರು ತಿಂಗಳು ಸ್ಕೂಟರಿನಲ್ಲಿ ಅಲೆದು ಹನ್ನೊಂದು ಜನರನ್ನು ಹುಡುಕಿದ್ದಳು. ಮೊದಲ ಅಧ್ಯಾಯವೇ ಪ್ರಧಾನಮ್ಮನದು. ಮಾರ್ಚ್ ತಿಂಗಳ ಮಹಿಳಾ ದಿನಕ್ಕೆ ಪುಸ್ತಕ ಬರಬೇಕು, ಶನಿವಾರ ಪ್ರೆಸ್ಸಿಗೆ ಹೋಗಬೇಕು. ಗುರುವಾರ ಸಂಜೆ ಶಾಲೆ ಮುಗಿಸಿ, ಬರೆದದ್ದನ್ನು ಒಂದು ಸಲ ಅವರಿಗೆ ಓದಿ ಹೇಳಿಬಿಡೋಣವೆಂದು ಬಂದಳು.

ಮಲ್ಲಾಜಮ್ಮನವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹುಟ್ಟಿದ್ದು ಹದಿನಾರು ಎಂಬ ಊರಿನಲ್ಲಿ, ಓದಿದ್ದು ಏಳನೇ ಕ್ಲಾಸು, ಇಲ್ಲಿಗೆ ಸೊಸೆಯಾಗಿ ಬಂದದ್ದು, ಎಲ್ಲ ಸರಿಯಾಗಿತ್ತು. ಆಮೇಲೆ ಬಂತು ಬಸ್ಸಿನ ಕಥೆ. ಸಾವಿರದ ಒಂಬೈನೂರ ಎಂಬತ್ತಾರರ ಜೂನ್ ತಿಂಗಳಲ್ಲಿ, ಊರಿನ ಹೆಣ್ಣುಮಕ್ಕಳು ನರಸೀಪುರದ ಹೈಸ್ಕೂಲಿಗೆ ಹೋಗಲೆಂದು, ನಿಲ್ಲದೆ ಓಡುತ್ತಿದ್ದ ಬೆಳಗಿನ ಬಸ್ಸಿಗೆ ಎಮ್ಮೆಯನ್ನು ಅಡ್ಡ ಕಟ್ಟಿ ನಿಲ್ಲಿಸಿದ ದಿಟ್ಟ ಮಹಿಳೆ ಎಂದು ಬಿಂದುಶ್ರೀ ರಾಗವಾಗಿ ಓದಿದಳು.

ಈ ಮಾತನ್ನು ಮಲ್ಲಾಜಮ್ಮನವರು ಕಮ್ಮಿಯೆಂದರೆ ನೂರು ವೇದಿಕೆಯ ಮೇಲೆ ಕೇಳಿದ್ದರು. ಪ್ರತಿ ಸಲವೂ ತಲೆ ತಗ್ಗಿಸಿ ಶಾಲು ಹೊದೆಸಿಕೊಂಡಿದ್ದರು. ಭಾಷಣ ಎಂದರೆ ಬಾಯಿಂದ ಬಂದು ಗಾಳಿಗೆ ಹೋಗುತ್ತದೆ. ಆದರೆ ಪುಸ್ತಕದಲ್ಲಿ ಅಚ್ಚಾದದ್ದು ತಾವು ಹೋದ ಮೇಲೂ ಇರುತ್ತದೆ, ಯಾವುದೋ ಮಗು ಅದನ್ನು ನಿಜವೆಂದು ಓದುತ್ತದೆ. ಅದು ಹೊಳೆದು ಅವರು ಕಣ್ಣು ತೆರೆದರು.

"ನಿಲ್ಸವ್ವ," ಎಂದರು. "ಆ ಎಮ್ಮೆ ನಂದಲ್ಲ."

ಎಮ್ಮೆ ಯಾರದಾದರೇನಮ್ಮ ಎಂದು ಬಿಂದುಶ್ರೀ ನಕ್ಕಳು.

"ಕಟ್ಟಿದ್ದೂ ನಾನಲ್ಲ ಕಣವ್ವ. ನಾಲ್ಕು ಮನೆ ಆಚೆಗಿರಾ ಕೆಂಪಾಜಕ್ಕ."

ಹುಡುಗಿಯ ನಗು ಹಾಗೇ ನಿಂತಿತು. ಮಲ್ಲಾಜಮ್ಮನವರು ಮೂವತ್ತೊಂಬತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳತೊಡಗಿದರು.

ಆ ಕಾಲದಲ್ಲಿ ಬಸ್ಸು ಹುಣಸೆಹುಂಡಿಯನ್ನು ಕಣ್ಣೆತ್ತಿಯೂ ನೋಡದೆ ಹೋಗುತ್ತಿತ್ತು. ಹತ್ತಬೇಕೆಂದರೆ ಎರಡು ಮೈಲಿ ನಡೆದು ಮುಂದಿನ ಊರಿಗೆ ಹೋಗಬೇಕು. ಗಂಡುಮಕ್ಕಳು ನಡೆಯುತ್ತಿದ್ದರು, ಹೆಣ್ಣುಮಕ್ಕಳು ಏಳನೇ ಕ್ಲಾಸಿಗೆ ಪುಸ್ತಕ ಕಟ್ಟಿಡುತ್ತಿದ್ದರು. ಅರ್ಜಿ ಕೊಟ್ಟು ಕೊಟ್ಟು ಊರವರಿಗೆ ಸಾಕಾಗಿತ್ತು. ಒಂದು ಬೆಳಿಗ್ಗೆ ಕೆಂಪಾಜಮ್ಮ ಯಾರನ್ನೂ ಕೇಳದೆ ಎಮ್ಮೆ ಹಿಡಿದುಕೊಂಡು ರಸ್ತೆಗೆ ಹೋದರು. ಆ ಬದಿಯ ಹುಣಸೆ ಮರಕ್ಕೊಂದು ಹಗ್ಗ, ಈ ಬದಿಯ ಮರಕ್ಕೊಂದು ಹಗ್ಗ, ನಡುವೆ ಎಮ್ಮೆ. ಡ್ರೈವರು ಹಾರನ್ ಹೊಡೆದೇ ಹೊಡೆದ. ಎಮ್ಮೆ ಅವನ ಕಡೆ ಒಂದು ಸಲ ನೋಡಿ ಮೆಲುಕು ಹಾಕತೊಡಗಿತು. ಹಿಂದಿನಿಂದ ಇನ್ನೆರಡು ಬಸ್ಸು, ಒಂದು ಕಬ್ಬಿನ ಲಾರಿ ಬಂದು ನಿಂತವು. ಅಷ್ಟರಲ್ಲಿ ಊರಿಗೆ ಊರೇ ರಸ್ತೆಯಲ್ಲಿತ್ತು. ಅವರೆಲ್ಲರಿಗಿಂತ ಮೊದಲೇ ಮಲ್ಲಾಜಮ್ಮನವರು ಕೈಯ ಸೌಟನ್ನೂ ಇಡದೆ ಓಡಿ ಬಂದು ಗೆಳತಿಯ ಪಕ್ಕ ನಿಂತಿದ್ದರು. ಅವರು ಮಾಡಿದ ಸಾಹಸ ಅಷ್ಟೇ.

ಪೊಲೀಸು ಬಂತು. ಇದು ಯಾರ ಕೆಲಸ ಎಂದು ಕೇಳಿ, ಕಾನ್‌ಸ್ಟೇಬಲ್ಲು ಕಾಗದ ತೆಗೆದು ಕೆಂಪಾಜಮ್ಮನ ಗಂಡನ ಹೆಸರು ಕೇಳಿದ. ಕೆಂಪಾಜಮ್ಮ ಸೆರಗು ಬಾಯಿಗಿಟ್ಟುಕೊಂಡರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆಂದು ನಂಬಿದ್ದ ಕಾಲ. ಸಾಮಾನ್ಯವಾಗಿ ಇಂಥ ಹೊತ್ತಿಗೆ ಪಕ್ಕದಲ್ಲಿದ್ದವಳು ಹೇಳುವುದು ರೂಢಿ. ಕಾನ್‌ಸ್ಟೇಬಲ್ಲು ಪಕ್ಕದವಳನ್ನು ನೋಡಿದ. ಪಕ್ಕದವಳ ಪೇಚು ಇನ್ನೂ ದೊಡ್ಡದು. ಕೆಂಪಾಜಮ್ಮನ ಗಂಡನ ಹೆಸರು ಬಸವಯ್ಯ, ಮಲ್ಲಾಜಮ್ಮನವರ ಮಾವನ ಹೆಸರೂ ಬಸವಯ್ಯ. ಮಾವನ ಹೆಸರನ್ನು ಸೊಸೆ ಹೇಳುವುದುಂಟೆ? ಒಬ್ಬಳು ಆಕಾಶ ನೋಡಿದಳು, ಇನ್ನೊಬ್ಬಳು ನೆಲ ನೋಡಿದಳು. ಅವನಿಗೆ ರೇಗಿತು. ಓದು ಬರಹ ಬಂದರೆ ನೀನೇ ಬರಿ ಎಂದು ಪೆನ್ನನ್ನು ಮಲ್ಲಾಜಮ್ಮನವರ ಕೈಗೆ ತುರುಕಿದ.

ಬರೆಯುವುದಕ್ಕೆ ದೋಷವಿಲ್ಲ. ಬರೆಯಲು ಹೊರಟಿದ್ದರು ಕೂಡ. ಹಿಂದಿನಿಂದ ಕೆಂಪಾಜಮ್ಮ ತೊಡೆ ಚಿವುಟಿದರು. ತಿರುಗಿ ನೋಡಿದರೆ ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಗಂಡನ ಹೆಸರು ಸ್ಟೇಷನ್ನಿಗೆ ಹೋದರೆ ಬಸವಯ್ಯ ಹೆಂಡತಿಯನ್ನು ಮನೆಗೆ ಸೇರಿಸುವ ಆಸಾಮಿಯಲ್ಲ. ಮಲ್ಲಾಜಮ್ಮನವರು ಒಂದು ಗಳಿಗೆ ಯೋಚಿಸಿ ತಮ್ಮ ಹೆಸರು ಬರೆದರು, ಪಕ್ಕದಲ್ಲಿ ತಮ್ಮ ಗಂಡ ಗಂಗಾಧರಸ್ವಾಮಿಯ ಹೆಸರು ಬರೆದರು. ಕಟ್ಟುವಾಗ ಕಂಡವರಿರಲಿಲ್ಲ; ಕೆಂಪಾಜಕ್ಕನ ಎಮ್ಮೆಯನ್ನು ಹೇಳದೆ ಹಿಡಿದು ತಂದು ಕಟ್ಟಿದವಳು ನಾನೇ ಎಂದು ಊರಿಗೂ ಬಸವಯ್ಯನಿಗೂ ಹೇಳಿದರು, ನಿಜವನ್ನು ಯಾರಿಗೂ ಹೇಳುವುದಿಲ್ಲವೆಂದು ಗೆಳತಿಗೆ ಮಾತು ಕೊಟ್ಟರು. ಎರಡು ದಿನಕ್ಕೆ ಅದೇ ಹೆಸರು ಪೇಪರಿನಲ್ಲಿ ಬಂತು. ತಿಂಗಳೊಳಗೆ ಬಸ್ಸಿಗೆ ಸ್ಟಾಪು ಸಿಕ್ಕಿತು. ಮುಂದಿನ ವರ್ಷ ಮಂಡಲ ಪಂಚಾಯ್ತಿ ಚುನಾವಣೆಗೆ ಹೆಂಗಸರು ಬೇಕೆಂದಾಗ, ಎಮ್ಮೆ ಕಟ್ಟಿದ ಯಮ್ಮನೇ ಇರಲಿ ಎಂದು ಊರು ಒಕ್ಕೊರಲಿನಿಂದ ಹೇಳಿತು.

"ಮೊದ್ಲು ಅವಳಿಗಾಗಿ ಸುಮ್ಕಿದ್ದೆ," ಎಂದರು ಮಲ್ಲಾಜಮ್ಮ. "ಆಮೇಲ ಹಾರ ಹಾಕಿಸ್ಕಳದು ನಂಗೇ ಅಭ್ಯಾಸ ಆಗೋಯ್ತು. ಸುಳ್ಳು ಯಾಕ ಹೇಳ್ಲಿ."

ಬಿಂದುಶ್ರೀ ಹಾಳೆ ಮಡಚಿದಳು. ಕೆಂಪಾಜಮ್ಮನೂ ಹೌದೆಂದರೆ ಅಧ್ಯಾಯವನ್ನೇ ತಿರುಗಿ ಬರೆಯುತ್ತೇನೆ, ಅವರ ಒಪ್ಪಿಗೆ ಇಲ್ಲದೆ ಬರೆಯುವುದು ನ್ಯಾಯವಲ್ಲ ಎಂದಳು. ಮಲ್ಲಾಜಮ್ಮನವರು ಅವಳನ್ನು ಕರೆದುಕೊಂಡು ಕೆಂಪಾಜಮ್ಮನ ಮನೆಗೆ ಹೊರಟರು. ಪ್ರಧಾನಮ್ಮ ಎಂಬ ಹೆಸರಿನ ಬುಡವೇ ಆ ಎಮ್ಮೆ. ಅದು ಹೋದರೆ ಊರ ಕಣ್ಣಲ್ಲಿ ತಾವು ಏನಾಗುತ್ತೇವೋ. ಅದಕ್ಕಿಂತ ಹೆಚ್ಚಾಗಿ, ಕೊಟ್ಟ ಮಾತು ಮುರಿದಿದ್ದಕ್ಕೆ ಕೆಂಪಾಜಕ್ಕ ಮುಖ ತಿರುಗಿಸಿದರೆ ಈ ವಯಸ್ಸಿನಲ್ಲಿ ಇನ್ನೊಬ್ಬ ಗೆಳತಿಯನ್ನು ಎಲ್ಲಿಂದ ತರುವುದು? ಹಲ್ಲಿಲ್ಲದ ಆ ಬಾಯಿಗೆ ದಿನಾ ಮಧ್ಯಾಹ್ನ ಎಲೆಯಡಿಕೆ ಕುಟ್ಟಿ ಕೊಡುತ್ತಿದ್ದವರು ಇವರೇ. ಜಗಳವಾಡದೆ ಒಂದು ದಿನವೂ ಕುಟ್ಟಿದ್ದಿಲ್ಲ, ಕುಟ್ಟದೆಯೂ ಒಂದು ದಿನ ಇದ್ದಿದ್ದಿಲ್ಲ.

ಕೆಂಪಾಜಮ್ಮ ಜಗಲಿಯಲ್ಲಿ ಗೋಣಿಚೀಲ ಹಾಸಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಇವರಿಗಿಂತ ನಾಲ್ಕು ವರ್ಷ ದೊಡ್ಡವರು. ಬೆನ್ನು ಬಾಗಿದೆ, ಕಣ್ಣು ಮಾತ್ರ ಚುರುಕು. ಗಂಡ ಹೋಗಿ ಆರು ವರ್ಷವಾಗಿತ್ತು. ಮೇಷ್ಟ್ರಮ್ಮ ಬಂದರೆಂದು ಚಾಪೆ ಕೊಡವಿ ಹಾಸಿದರು. ಮಲ್ಲಾಜಮ್ಮನವರು ಕೂರುವ ಮೊದಲೇ ವಿಷಯ ಹೇಳಿಬಿಟ್ಟರು, ಕೂತರೆ ಧೈರ್ಯ ಇಳಿದುಹೋಗುತ್ತದೆಂದು.

ಕೆಂಪಾಜಮ್ಮ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ತಮಗೇನೂ ಗೊತ್ತಿಲ್ಲ, ಎಮ್ಮೆ ಗೂಟ ಕಿತ್ತುಕೊಂಡು ತಾನೇ ಹೋಗಿ ನಿಂತಿತ್ತು ಎಂದರು. ಎರಡು ಮರಕ್ಕೆ ಹಗ್ಗವನ್ನೂ ಎಮ್ಮೆಯೇ ಕಟ್ಟಿಕೊಂಡಿತೇ ಎಂದು ಮಲ್ಲಾಜಮ್ಮ ಕೇಳಿದರು. ಕಟ್ಟಿಕೊಂಡಿರಬಹುದು, ಭಾಳ ಬುದ್ಧಿವಂತ ಎಮ್ಮೆ ಎಂದು ಉತ್ತರ ಬಂತು. ಬಿಂದುಶ್ರೀಗೆ ನಗು ತಡೆಯಲಾಗಲಿಲ್ಲ. ಹೆಸರು ಬೇಕೆಂದು ಹೊಡೆದಾಡುವವರನ್ನು ನೋಡಿದ್ದಳು, ಬೇಡವೆಂದು ಒಬ್ಬರ ಮೇಲೊಬ್ಬರು ಹೇರುವವರನ್ನು ಇದೇ ಮೊದಲು ನೋಡುತ್ತಿದ್ದಳು.

ಮಲ್ಲಾಜಮ್ಮನವರಿಗೆ ಮಾತ್ರ ನಗು ಬರಲಿಲ್ಲ. ಯಜಮಾನರು ಹೋದರು, ಇನ್ನು ಯಾರ ಹೆದರಿಕೆ, ನನ್ನ ತಲೆ ಮೇಲಿನ ಭಾರ ಇಳಿಸಬಾರದೇ ಎಂದು ಬೈದರು, ಬೇಡಿದರು, ಕೊನೆಗೆ ಗದರಿದರು. ಕೆಂಪಾಜಮ್ಮನ ಕೈ ನಿಂತಿತು.

"ಬಸ್ಸು ನಿಂತ್ಕತ್ತು ಕಣ ಮಲ್ಲಾಜಿ. ನನ್ ಮಗಳು ಹತ್ನಿಲ್ಲ," ಎಂದರು. "ಅದನ್ನೂ ಬರೀತಾರಾ ಪುಸ್ತಕದಲ್ಲಿ?"

ಮಗಳೆಂದರೆ ನಾಗರತ್ನ. ಈಗ ಐವತ್ತು ದಾಟಿದೆ, ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ವ್ಯಾನಿನಲ್ಲಿ ಹೋಗಿ ಬರುತ್ತಾಳೆ. ಆ ವರ್ಷ ಏಳನೇ ಕ್ಲಾಸು ಪಾಸಾಗಿದ್ದಳು. ಓದಲು ಅವಳಿಗೇ ಮನಸ್ಸಿಲ್ಲವೆಂದು ಕೆಂಪಾಜಮ್ಮ ಆಗ ಹೇಳಿದ್ದರು, ಮಲ್ಲಾಜಮ್ಮನವರು ನಂಬಿದ್ದರು. ನಿಜ ಇವತ್ತು ಬಂತು. ಪೇಪರಿಗೆ ಹೋದ ಹೆಂಗಸು ನಿಲ್ಲಿಸಿದ ಬಸ್ಸಿಗೆ ನನ್ನ ಮಗಳು ಕಾಲಿಡಕೂಡದು ಎಂದು ಬಸವಯ್ಯ ಹಟ ಹಿಡಿದಿದ್ದನಂತೆ. ನಿಲ್ಲಿಸಿದ್ದು ನಾನೇ ಎಂದು ಕೆಂಪಾಜಮ್ಮ ಹೇಳುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ. ಮಗಳು ಮೂರು ದಿನ ಚೀಲ ಹೆಗಲಿಗೆ ಹಾಕಿಕೊಂಡೇ ಕೂತಿದ್ದಳಂತೆ. ಅಂಥ ಬಸ್ಸು ನಿಲ್ಲಿಸಿದವಳು ನಾನೆಂದು ಹೇಳಿಕೊಳ್ಳಲು ಯಾವ ಬಾಯಿ ಎಂದು ಕೆಂಪಾಜಮ್ಮ ಕೇಳಿದರು. ಕೋಪದಿಂದ ಕೇಳಲಿಲ್ಲ. ಅದನ್ನೇ ಮಲ್ಲಾಜಮ್ಮನವರಿಗೆ ತಡೆದುಕೊಳ್ಳಲಾಗಲಿಲ್ಲ.

ಆ ಬಸ್ಸಿಗೆ ಮೊದಲ ದಿನ ಹತ್ತಿದ ನಾಲ್ಕು ಹುಡುಗಿಯರಲ್ಲಿ ಮುಂದೆ ನಿಂತಿದ್ದವಳು ಮಲ್ಲಾಜಮ್ಮನವರ ಮಗಳು ನಯನ. ಈಗ ಮೈಸೂರಿನ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಕಿಟಕಿಯಿಂದ ಅವಳು ಕೈ ಬೀಸಿದ್ದಕ್ಕೆ ತಾವು ಎಷ್ಟು ಹಿಗ್ಗಿದ್ದೆವು ಎಂಬುದು ನೆನಪಿದೆ. ಪಕ್ಕದಲ್ಲಿ ಕೆಂಪಾಜಕ್ಕನೂ ನಿಂತು ಕೈ ಬೀಸಿದ್ದರು. ಆ ಕೈ ಯಾರಿಗೆ ಬೀಸಿತು ಎಂದು ಇವರು ಅವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಎಮ್ಮೆ ಕೆಂಪಾಜಕ್ಕನದು, ಹಗ್ಗ ಕೆಂಪಾಜಕ್ಕನದು, ಭಯ ಪಟ್ಟವರೂ ಅವರೇ. ಓದಿದ್ದು ಮಾತ್ರ ತಮ್ಮ ಮಗಳು.

ಮಲ್ಲಾಜಮ್ಮನವರು ಗೋಣಿಚೀಲದ ಮೇಲೆಯೇ ಕೂತರು. ಬಿಂದುಶ್ರೀಯ ಕಡೆ ತಿರುಗಿದರು.

"ಬರಿಯವ್ವ. ನಲ್ಲಿ ಹಾಕ್ಸಿದ್ದು ನಾನು, ಅಂಗನವಾಡಿ ಕಟ್ಸಿದ್ದು ನಾನು, ಅದ ಬರಿ. ಎಮ್ಮೆ ಕಟ್ಟಿದ್ದು ಕೆಂಪಾಜಕ್ಕ. ಇನ್ನೊಂದೂ ಬರಿ. ನಾಗರತ್ನಂಗೆ ಹದಿನೈದು ವರ್ಸಕ್ಕೆ ಮದುವೆ ಆಯ್ತು. ಆಗ ನಾನೇ ಪ್ರಧಾನಮ್ಮ. ತಪ್ಪು ಅಂತ ಗೊತ್ತಿತ್ತು. ನಿಲ್ಸಾ ಅಧಿಕಾರಾನೂ ನಂಗಿತ್ತು. ನಾನು ಓಗಿ ಮುಂದಿನ ಪಂಕ್ತೀಲಿ ಕೂತು ಉಂಡು ಬಂದೆ."

ಬಿಂದುಶ್ರೀಯ ಪೆನ್ನು ಓಡಲಿಲ್ಲ. ಸಾಧಕಿಯರ ಪುಸ್ತಕದಲ್ಲಿ ಇಂಥದ್ದನ್ನು ಯಾರೂ ಹಾಕಿಸಿಕೊಂಡಿರಲಿಲ್ಲ. ನಿಜವಾಗಿಯೂ ಬರೆಯಲೇ ಎಂದು ಕೇಳಿದಳು. ಬರಿ ಎಂದರು. ಬರೆದು, ಬರೆದಿದ್ದನ್ನು ಓದಿ ಹೇಳು ಎಂದರು. ಅವಳು ಬರೆದು ಓದಿದಳು. ಕೇಳುತ್ತ ಮಲ್ಲಾಜಮ್ಮನವರ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಅದ್ಯಾಕ ಹಾಕಿಸೀಯೆ," ಎಂದು ಕೆಂಪಾಜಮ್ಮ ಗೊಣಗಿದರು. "ಊರ್ನೋರ ಮುಂದೆ ನಿನ್ ಮಾನ ಓಯ್ತದೆ."

"ಓದ್ರ ಓಗ್ಲಿ ಕಣಕ್ಕ. ನೀನು ಮಾತಾಡ್ಸದ ಬುಡಬೇಡ, ಅಷ್ಟೆಯ."

ಇಷ್ಟು ವರ್ಷ ಆ ಮದುವೆಯ ಬಗ್ಗೆ ತಪ್ಪು ಎಂಬ ಮಾತನ್ನು ಯಾರ ಬಾಯಿಂದಲೂ ಕೆಂಪಾಜಮ್ಮ ಕೇಳಿರಲಿಲ್ಲ. ಬಂದವರೆಲ್ಲ ಚೆನ್ನಾಗಿ ಮಾಡಿದಿರಿ ಎಂದೇ ಹೇಳಿ ಹೋಗಿದ್ದರು. ಅವರು ಹುಣಸೆಯ ಅಂಟು ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೋಣಿಚೀಲದ ಮೇಲೆ ಮೆಲ್ಲನೆ ಜರುಗಿ ಮಲ್ಲಾಜಮ್ಮನವರ ಭುಜಕ್ಕೆ ಭುಜ ತಾಗುವಂತೆ ಕೂತರು. ಆಮೇಲೆ ಬಿಂದುಶ್ರೀಗೆ ಹೊಸ ಹಾಳೆ ತೆಗೆಯಲು ಹೇಳಿದರು.

ಅಜ್ಜಿ ಒಪ್ಪಿದರೆಂದು ಹುಡುಗಿಯ ಮುಖ ಅರಳಿತು. ಮೇಲೆ ದಪ್ಪ ಅಕ್ಷರದಲ್ಲಿ ಕೆಂಪಾಜಮ್ಮ ಎಂದು ಬರೆಯಲು ಹೊರಟಳು. ಕೆಂಪಾಜಮ್ಮ ಅವಳ ಕೈ ಹಿಡಿದರು.

"ನಂದು ಆಮೇಲ ಬರ್ಕೊ," ಎಂದರು. "ಮೊದ್ಲು ನಾಗರತ್ನ ಅಂತ ಬರಿ. ಏಳ್ನೇ ಕ್ಲಾಸಲ್ಲಿ ಸ್ಕೂಲ್ಗೇ ಫಸ್ಟ್ ಬಂದಿದ್ಲು."