ಗೆರೆ ಬಿಟ್ಟ ಹೊಲಿಗೆ

ಗೆರೆ ನೆಟ್ಟಗಿದೆ, ಬಿಳಿ ಸೀಮೆಸುಣ್ಣದ್ದು, ನೀಲಿ ಬಟ್ಟೆಯ ಈ ತುದಿಯಿಂದ ಆ ತುದಿಯವರೆಗೆ, ಟೀಚರಮ್ಮ ಸ್ಕೇಲಿಟ್ಟೇ ಎಳೆದಿರಬೇಕು, ಇದರ ಮೇಲೆ ಹೊಲಿಗೆ ಓಡಿಸು ಅಂದರೆ ಮಿಷನ್ನಿನ ಮುಂದೆ ಕೂತ ಅವಳು ಕಣ್ಣು ಮುಚ್ಚಿಕೊಂಡೂ ಓಡಿಸಿಯಾಳು — ಆದರೆ ಓಡಿಸಬಾರದು, ಇಲ್ಲಿನ ಪರೀಕ್ಷೆಯೇ ಅದು. ಹೊಲಿಗೆ ಬಾರದವರಿಗಷ್ಟೇ ತರಬೇತಿ, ತರಬೇತಿಗೆ ಸೇರಿದವರಿಗಷ್ಟೇ ಸರ್ಕಾರದ ಭತ್ಯೆ, ಹಾಗಾಗಿ ಬಂದವರೆಲ್ಲ ಮೊದಲು ತಮಗೆ ಬರುವುದಿಲ್ಲವೆಂದು ತೋರಿಸಬೇಕು, ಅಂಕುಡೊಂಕಾಗಿ ಹೊಲಿದು, ದಾರ ಕಡಿದುಕೊಂಡು, ಅಯ್ಯೋ ಎನ್ನಬೇಕು. ಪಕ್ಕದ ಮಿಷನ್ನಿನವಳು ಆಗಲೇ ಅಯ್ಯೋ ಅಂದಾಯಿತು, ಏನು ನಟನೆ, ಬೀದಿಗೆಲ್ಲ ಪರದೆ ಹೊಲಿದುಕೊಡುವ ಹೆಂಗಸು ಸೂಜಿಗೆ ದಾರ ಪೋಣಿಸಲು ಬಾರದೆ ನಾಲಿಗೆ ಕಚ್ಚಿಕೊಂಡು ಕೂತಿದ್ದಾಳೆ! ನಗು ಬಂತು, ನುಂಗಿಕೊಂಡಳು. ಬಾಗಿಲ ಬಳಿ ಅಧಿಕಾರಿ, ಹೊಸಬ, ಪಾಪ ಅವನ ಶರ್ಟಿನ ತೋಳು ಕೂಡಿಸಿದ ಕಡೆ ಸುಕ್ಕು ಬಿದ್ದಿದೆ, ಬಿಚ್ಚಿ ಹೊಲಿದರೆ ಸರಿಹೋದೀತು. ಟೀಚರಮ್ಮ ಕೆಮ್ಮಿದಳು. ಬೆಳಿಗ್ಗೆಯೇ ಕಿವಿಯಲ್ಲಿ ಉಸುರಿದ್ದಳು, ಹೋದ ಸಲದ ಥರಾನೇ ಚೆನ್ನಾಗಿ ಕೆಡಿಸಮ್ಮ, ಜನ ತುಂಬ್ಲಿಲ್ಲ ಅಂದ್ರೆ ಕೇಂದ್ರಾನೇ ಮುಚ್ತಾರೆ, ನನ್ನ ಹೊಟ್ಟೆ ಮೇಲೆ ಹೊಡೀಬೇಡ.

ಮೊದಲ ಸಲ ಕೆಡಿಸಬೇಕಾಗಿರಲಿಲ್ಲ, ನಿಜವಾಗಿಯೂ ಬರುತ್ತಿರಲಿಲ್ಲ, ಗಂಡ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದಾಗ ಮನೆಯಲ್ಲಿ ಒಲೆ ಉರಿದಿದ್ದು ಈ ಭತ್ಯೆಯಿಂದಲೇ, ಇದೇ ಟೀಚರಮ್ಮ ಮಣಿಕಟ್ಟು ಹಿಡಿದು ಕಲಿಸಿದ್ದಳು, ಆ ಋಣ ಮರೆಯುವಂಥದ್ದಲ್ಲ. ಕಲಿತ ಮೇಲೆ? ಪ್ರಮಾಣಪತ್ರ ಹಿಡಿದು ಊರೆಲ್ಲ ಸುತ್ತಿದಳು, ಬಟ್ಟೆಯಂಗಡಿಯವನು ನಕ್ಕ, ಎಲ್ಲಾ ರೆಡಿಮೇಡ್ ಬರುತ್ತಮ್ಮ, ಇರೋ ಟೈಲರುಗಳೇ ಬಾಗಿಲು ಹಾಕ್ತಿದಾರೆ, ಸರ್ಕಾರ ಇನ್ನೂ ಟೈಲರುಗಳ್ನ ಮಾಡ್ತಿದ್ಯಾ? ಮಾಡುತ್ತಿದೆ, ಮಾಡಿದವರನ್ನೇ ಮತ್ತೆ ಮತ್ತೆ ಮಾಡುತ್ತಿದೆ. ಇನ್ನೊಂದ್ಸಲ ಸೇರ್ಕೋ ಅಂದಳು ಟೀಚರಮ್ಮ, ಸೇರಿಕೊಂಡಳು, ಗೆರೆ ಬಿಟ್ಟು ಹೊಲಿಯುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡೇ ಬಂದಳು, ನೆಟ್ಟಗೆ ಕಲಿಯುವುದಕ್ಕಿಂತ ಅದು ಕಷ್ಟ. ಗಂಡ ಟೀವಿಯ ಮುಂದೆ, ಈ ಸಲ ಖಂಡಿತ ಕಣೇ, ಹೊಸ ಮಂತ್ರಿ ಕಾರ್ಖಾನೆ ತೆರೆಸ್ತಾನಂತೆ — ಹಳೆ ಮಂತ್ರಿಯೂ ತೆರೆಸುತ್ತಿದ್ದ, ಅವನಿಗಿಂತ ಹಿಂದಿನವನೂ. ಗಂಡನಿಗೆ ಗೋದಾಮು ಕಾಯುವ ಕೆಲಸ ಕೈಗೆ ಬಂದಿತ್ತು, ಹೋಗಲಿಲ್ಲ, ಕೆಲಸ ಸಿಕ್ರೆ ನಿರುದ್ಯೋಗ ಭತ್ಯೆ ಹೋಗುತ್ತಲ್ಲೇ, ಅಂದ. ಅವಳಿಗೂ ಆಗ ಹೌದೆನ್ನಿಸಿತ್ತು, ಹೌದೆನ್ನಿಸಿದ್ದಕ್ಕೆ ಈಗ ಮೈ ಉರಿಯುತ್ತದೆ.

ಅಕ್ಕ ಮಾತ್ರ ಯಾವ ಕೇಂದ್ರಕ್ಕೂ ಹೋದವಳಲ್ಲ, ಒಂದೇ ಕೋಣೆಯ ಅಂಗಡಿ, ಜಿಪ್ ಹಾಕುವುದು, ಪ್ಯಾಂಟು ಗಿಡ್ಡ ಮಾಡುವುದು, ಒಂದು ದಿನ ಕೈತುಂಬ ಕೆಲಸ ಇನ್ನೊಂದು ದಿನ ನೊಣ ಹೊಡೆಯುವುದು. ಹೋದ ವಾರ ಯಾರದೋ ಕೋಟಿನ ಬೆನ್ನು ಕೂಡಿಸಲು ಇವಳ ಕೈಗೆ ಕೊಟ್ಟಳು, ಕೂಡಿಸಿದಳು, ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದೇನೇ ಇದು, ಅಂದಳು. ಇವಳು ತಮಾಷೆಯೆಂದುಕೊಂಡಳು, ನೋಡಿದಳು — ಬೆನ್ನ ನಡುವೆ ಬಿಳಿ ಗೆರೆ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ಯಾವಾಗ ಬಿಟ್ಟಿತೋ ತಿಳಿದೇ ಇರಲಿಲ್ಲ. ಅಕ್ಕ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ತಾನೇ ಕೂತು ಒಂದೊಂದೇ ಹೊಲಿಗೆ ಬಿಚ್ಚಿದಳು. ಬಂದು ನನ್ನ ಜೊತೆ ಕೂತ್ಕೋ, ಕೈ ಸರಿಹೋಗುತ್ತೆ, ಆದ್ರೆ ಅಲ್ಲಿ ಇನ್ನೊಂದ್ಸಲ ಕೆಡಿಸಿ ಬಂದ್ಯೋ, ನನ್ನ ಅಂಗಡಿ ಮೆಟ್ಲು ಹತ್ಬೇಡ. ಭಯವಾಗುತ್ತದೆ, ಅಂಗಡಿಗೆ ಜನ ಬಾರದ ತಿಂಗಳಿರುತ್ತದೆ, ಭತ್ಯೆ ಬಾರದ ತಿಂಗಳಿಲ್ಲ. ಇರಲಿ. ನೆಟ್ಟಗೇ ಹೊಲಿಯುತ್ತೇನೆ, ಇವರು ನಿನಗೆ ಬರುತ್ತದೆ ಹೋಗು ಎನ್ನಲಿ, ಇಲ್ಲಿಂದ ಸೀದಾ ಅಕ್ಕನ ಹತ್ತಿರ.

ಪೆಡಲು ತುಳಿದಳು. ಸೂಜಿ ಗೆರೆ ಹಿಡಿಯಿತು, ಬಿಳಿಯ ಮೇಲೆ ದಾರ ಕೂತು ಕೂತು ಹೋಗುತ್ತಿದೆ, ಆಹಾ, ಎಲ್ಲಿಗೂ ಹೋಗಿಲ್ಲ ವಿದ್ಯೆ, ಅರ್ಧ ಬಂತು, ಬೆನ್ನ ಹಿಂದೆ ಬೂಟಿನ ಸದ್ದು, ಅಧಿಕಾರಿ, ಟೀಚರಮ್ಮನ ಕೆಮ್ಮು, ಬರೋ ದುಡ್ಡನ್ನ ಯಾಕೆ ಬಿಡ್ಬೇಕು ಎನ್ನುವ ಗಂಡನ ದನಿ ಕಿವಿಯೊಳಗೆ, ನೋಡಬೇಡ, ಗೆರೆ ನೋಡು, ಗೆರೆ — ದಾರ ಗೆರೆಯಿಂದ ಇಳಿದಿದೆ. ತಿರುಗಿಸಿದಳು, ಈಚೆ ದಾಟಿತು, ಮತ್ತೆ ತಿರುಗಿಸಿದಳು, ಬಟ್ಟೆ ಮುಗಿಯಿತು. ಪಾಪ, ಇವ್ರಿಗೆ ಏನೂ ಬರಲ್ಲ, ಸೇರಿಸ್ಕೊಳ್ಳಿ, ಅಂದ ಅಧಿಕಾರಿ. ಇಲ್ಲ ಸಾರ್, ನಂಗೆ ಹೊಲಿಗೆ ಬರುತ್ತೆ. ಬರುತ್ತಮ್ಮ, ಬರುತ್ತೆ, ಕಲಿತ್ರೆ ಯಾರಿಗಾದ್ರೂ ಬರುತ್ತೆ. ನಿಜವಾಗ್ಲೂ ಬರುತ್ತೆ ಸಾರ್ — ಅವನು ಆಗಲೇ ಪಕ್ಕದ ಮಿಷನ್ನಿಗೆ ಹೋಗಿದ್ದ, ಟೀಚರಮ್ಮ ದಾಟಿ ಹೋಗುತ್ತ ಭೇಷ್ ಎಂಬಂತೆ ಭುಜ ತಟ್ಟಿದಳು. ಕೈ ತಪ್ಪಿತೋ, ತಾನೇ ತಪ್ಪಿಸಿದಳೋ, ಹೆದರಿದ್ದು ಕೈಯೋ ತಾನೋ, ಅಕ್ಕ ಕೇಳಿದರೆ ಏನೆನ್ನುವುದು, ಬೇಕೆಂದು ಕೆಡಿಸಲಿಲ್ಲ ಅಂದರೆ ನಂಬುತ್ತಾಳೆಯೇ, ನಂಬಿದರೆ ಅದು ಇನ್ನೂ ಕೆಟ್ಟದ್ದು, ಕೈಯೇ ಕೆಟ್ಟುಹೋಗಿದೆ ಎಂದಾಯಿತು — ಬಿಳಿ ಗೆರೆ ಅಲ್ಲಿ, ಹೊಲಿಗೆ ಇಲ್ಲಿ.